ತುದಿಯಲ್ಲಿ ಅರಳುವ ಅಕ್ಷರ

ಮಹಾರಾಷ್ಟ್ರದ ಉದಗಾಂವದಿಂದ ಕೃಷ್ಣೆ ಹರಿದ ದಿಕ್ಕಿನಲ್ಲೇ ಸಾಗಿದರೆ ಅದೇ ಶಿರೋಳ ತಾಲ್ಲೂಕಿನ ಖಿದ್ರಾಪುರ ಸಿಗುತ್ತದೆ. ಅಲ್ಲಿನ ಕೋಪೇಶ್ವರ ದೇಗುಲಕ್ಕೆ ಹೋದವರೆಲ್ಲ 48 ಕಂಬಗಳ ಸ್ವರ್ಗಮಂಟಪದಲ್ಲಿ ನಿಂತು ತಲೆಯೆತ್ತಿ ಆಕಾಶ ನೋಡುತ್ತಾರೆ. ಶಾಸನಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಅವುಗಳಲ್ಲಿ ಹೆಚ್ಚಿನವು ಕನ್ನಡದವು. ಯಾದವ ಸಿಂಘಣನ ಕಾಲದ ಸಂಸ್ಕೃತ ಶಾಸನ ದೇವನಾಗರಿಯಲ್ಲಿದೆ. ಕರ್ನಾಟಕ–ಮಹಾರಾಷ್ಟ್ರ ಗಡಿಯ ಎರಡೂ ಲಿಪಿಗಳು ಒಂದೇ ಗುಡಿಯಲ್ಲಿ! ಅಕ್ಷರ ವಿನ್ಯಾಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

ಶೀರ್ಷಿಕೆಗೆಂದೇ ರೂಪಿಸುವ ದಪ್ಪ ಫಾಂಟ್‌ಗಳಲ್ಲಿ ಒಂದು ಬಗೆಯಿದೆ. ಅದರಲ್ಲಿ ಗೆರೆ ನಡುವೆ ತುಸು ಸೊರಗಿ, ತುದಿಗೆ ಬರುತ್ತ ಅಗಲವಾಗುತ್ತದೆ. ರೋಮನ್ ಲಿಪಿಯ ಸಾಮಾನ್ಯ ಸೆರಿಫ್ ಗೆರೆಯ ಕೊನೆಗೆ ಅಡ್ಡಪಟ್ಟಿಯಾಗಿ ಕೂತಿರುತ್ತದೆ. ಇಲ್ಲಿ ಗೆರೆಯೇ ಅರಳುತ್ತದೆ. ಆ ಶಾಸನಗಳಂತೆ ಇದೂ ಉಳಿಯ ಕೆಲಸದಿಂದ ಬಂದ ರೂಪ. ಬರ್ಥೋಲ್ಡ್ ವೋಲ್ಪೆ ಎಂಬ ಜರ್ಮನ್ ಕುಶಲಕರ್ಮಿ ಕಂಚಿನ ಫಲಕಗಳಲ್ಲಿ ಅಕ್ಷರದ ಸುತ್ತಲಿನ ಲೋಹವನ್ನು ಕೊರೆದು ತೆಗೆದು, ಅಕ್ಷರ ಉಬ್ಬಿ ನಿಲ್ಲುವಂತೆ ಮಾಡುತ್ತಿದ್ದರು. ಆ ಕೈಚಳಕವೇ 1930ರ ದಶಕದಲ್ಲಿ ಮೊನೊಟೈಪ್ ಕಂಪನಿಯ ‘ಆಲ್ಬರ್ಟಸ್’ ಆಯಿತು. ಲಂಡನ್ನಿನ ಹಳೆಯ ನಗರಭಾಗದ ಬೀದಿಫಲಕಗಳಲ್ಲಿ ಇಂದಿಗೂ ಅದೇ ಅಕ್ಷರ.

ಕನ್ನಡಕ್ಕೆ ಈ ಅರಳುವಿಕೆಯನ್ನು ಕಡ ತರಬೇಕಾಗಿಲ್ಲ, ತಲೆಕಟ್ಟು ಇದೆ. ‘ಗರಗಸ’ ಎಂದು ದಪ್ಪಕ್ಷರದಲ್ಲಿ ಬರೆದು ನೋಡಿ. ನಾಲ್ಕು ಅಕ್ಷರಕ್ಕೂ ತಲೆಕಟ್ಟು. ಅದರ ಬಲತುದಿಯನ್ನು ಕೊಂಚ ಮೇಲಕ್ಕೆ ಅಗಲಿಸಿದರೆ ಸಾಕು, ಇಡೀ ಪದಕ್ಕೆ ಒಂದು ನಡಿಗೆ ಬರುತ್ತದೆ. ಈಗ ‘ಬಲ’ ಎಂದು ಬರೆಯಿರಿ. ಎರಡಕ್ಕೂ ತಲೆಕಟ್ಟಿಲ್ಲ. ವಿನ್ಯಾಸಕಾರನ ನಿಜವಾದ ಪರೀಕ್ಷೆ ಇಲ್ಲೇ. ದುಂಡನೆಯ ಹೊಟ್ಟೆಯನ್ನು ಹಾಗೇ ಉಳಿಸಿ, ಗೆರೆ ಹೊರಡುವ ಮತ್ತು ಮುಗಿಯುವ ಜಾಗದಲ್ಲಷ್ಟೇ ಅಗಲ ಕೊಡಬೇಕು. ಹಾಗೆ ಮಾಡದೆ ರೋಮನ್ ಅಕ್ಷರದ ಮೊನೆಗಳನ್ನು ತಂದು ‘ಬ’ದ ಮೇಲೆ ಅಂಟಿಸಿದ ಫಲಕ ಕಂಡರೆ ನನಗೆ ಸಂಕಟವಾಗುತ್ತದೆ.

ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ’ ಈ ದೃಷ್ಟಿಯಿಂದ ಗಮನಿಸಬೇಕಾದದ್ದು. ಕನ್ನಡ, ತೆಲುಗು, ರೋಮನ್ ಮೂರಕ್ಕೂ ಮಾಡಿದ, ಒಂದೇ ದಪ್ಪದ ಪ್ರಯೋಗಶೀಲ ಶೀರ್ಷಿಕೆ ಫಾಂಟ್ ಅದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕನ್ನಡ ಮತ್ತು ರೋಮನ್ ಒಂದೇ ಮನೆಯವರಂತೆ ಕಾಣಲು ಒಂದು ಇನ್ನೊಂದರ ವೇಷ ತೊಡಬೇಕಿಲ್ಲ ಎಂಬುದಕ್ಕೆ ನಾನು ಅದನ್ನು ತೋರಿಸುತ್ತೇನೆ.

ಅರಳುತುದಿಯ ದಪ್ಪಕ್ಷರಕ್ಕೆ ಪುಸ್ತಕದ ಮುಖಪುಟ, ನಾಟಕದ ಬ್ಯಾನರು, ದೇವಸ್ಥಾನದ ಮಹಾದ್ವಾರ, ಲಗ್ನಪತ್ರಿಕೆಯ ಮೇಲಿನ ಸಾಲು ಒಪ್ಪುವ ಜಾಗಗಳು. ಒಳಪುಟದ ಬರಹಕ್ಕೆ ಇದು ಬೇಡವೇ ಬೇಡ. ಗಾತ್ರ ಕುಗ್ಗಿದಂತೆ ತುದಿಯ ಅಗಲ ಕಾಣದಾಗಿ, ‘ಣ’, ‘ಷ’, ‘ಕ್ಷ’ಗಳ ಒಳಗಿನ ಬಿಳಿ ಮುಚ್ಚಿಹೋಗುತ್ತದೆ. ಒತ್ತಕ್ಷರದ್ದು ಇನ್ನೊಂದು ತೊಡಕು: ‘ಲಕ್ಷ್ಮೀ’ ಎಂದು ಬರೆದರೆ ಒತ್ತುಗಳು ಕೆಳಗಿಳಿದು ಮುಂದಿನ ಸಾಲಿಗೆ ತಾಗುತ್ತವೆ. ಸಾಲುಗಳ ನಡುವೆ ಧಾರಾಳ ಜಾಗ ಬಿಡಬೇಕು. ಒತ್ತನ್ನು ಮೇಲಿನ ಅಕ್ಷರದಷ್ಟೇ ದಪ್ಪ ಮಾಡಬಾರದು. ಕನ್ನಡ–ಮರಾಠಿ ಎರಡೂ ಇರುವ ಲಗ್ನಪತ್ರಿಕೆಯಲ್ಲಿ ನಾಗರಿಯ ಶಿರೋರೇಖೆ ಪದದುದ್ದಕ್ಕೂ ಒಂದೇ ಗೆರೆ, ನಮ್ಮ ತಲೆಕಟ್ಟು ಅಕ್ಷರಕ್ಕೊಂದು. ಎರಡನ್ನೂ ಒಂದೇ ಪಾಯಿಂಟಿನಲ್ಲಿ ಇಟ್ಟುಬಿಡದೆ, ಕಣ್ಣಿಗೆ ಸಮ ಕಾಣುವವರೆಗೆ ಹೆಚ್ಚುಕಡಿಮೆ ಮಾಡಿ ಆಮೇಲೆ ಅಚ್ಚಿಗೆ ಕೊಡಿ.