ಅಮೆರಿಕದಲ್ಲಿ ವೈದ್ಯಕೀಯ ರೆಸಿಡೆನ್ಸಿ: ಶಿಫಾರಸು ಪತ್ರ ಹೇಗಿರಬೇಕು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನಮ್ಮ ಮಕ್ಕಳು ಎಂಬಿಬಿಎಸ್ ಓದಲು ಬೆಳಗಾವಿ, ಧಾರವಾಡಕ್ಕೆ ಹೋಗುತ್ತಾರೆ. ಗಡಿಯಾಚೆಯ ಮಿರಜ, ಕೊಲ್ಹಾಪುರಕ್ಕೂ ಹೋಗುವುದುಂಟು. ನಮ್ಮ ದೇಶದಲ್ಲಿ ಎಂಡಿ, ಎಂಎಸ್ ಸೀಟು ಸಿಗುವುದು ನೀಟ್-ಪಿಜಿ ರ‍್ಯಾಂಕ್ ಮೇಲೆ. ಅಲ್ಲಿ ಶಿಫಾರಸು ಪತ್ರದ ಮಾತಿಲ್ಲ. ಹೀಗಾಗಿ ಅಮೆರಿಕದ ರೆಸಿಡೆನ್ಸಿಗೆ ಅರ್ಜಿ ಹಾಕುವಾಗ ಈ ಪತ್ರ ಹಲವು ಕುಟುಂಬಗಳಿಗೆ ಹೊಸದು. ಪತ್ರ ಬರೆಯಬೇಕಾದ ನಮ್ಮ ಪ್ರಾಧ್ಯಾಪಕರಿಗೂ ಕೆಲವೊಮ್ಮೆ ಹೊಸದೇ.

ಇದಕ್ಕೆ ಇಷ್ಟು ಮಹತ್ವ ಏಕೆ?

ಯುಎಸ್‌ಎಂಎಲ್‌ಇ ಮೊದಲ ಹಂತದ ಪರೀಕ್ಷೆಗೆ 2022ರ ಜನವರಿಯಿಂದ ಅಂಕ ಕೊಡುತ್ತಿಲ್ಲ. ಪಾಸು ಅಥವಾ ಫೇಲು ಅಷ್ಟೇ. ಅಂಕದಿಂದ ಮುಂದೆ ಬರುವ ದಾರಿ ಒಂದು ಕಡಿಮೆಯಾಯಿತು. ಅಭ್ಯರ್ಥಿ ವಾರ್ಡಿನಲ್ಲಿ ಹೇಗೆ ಕೆಲಸ ಮಾಡುತ್ತಾನೆ ಎಂಬುದನ್ನು ಹೇಳುವ ದಾಖಲೆ ಈ ಪತ್ರ.

ಹೆಚ್ಚಿನ ವಿಭಾಗಗಳಿಗೆ ಅರ್ಜಿ ಇರಾಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಹೋಗುತ್ತದೆ. ಒಂದು ಪ್ರೋಗ್ರಾಮಿಗೆ ಗರಿಷ್ಠ 4 ಪತ್ರ ಕಳಿಸಬಹುದು. ಪತ್ರವನ್ನು ಅಪ್‌ಲೋಡ್ ಮಾಡುವುದು ಅಭ್ಯರ್ಥಿಯಲ್ಲ, ಬರೆದವರು. ಪತ್ರ ನೋಡುವ ಹಕ್ಕನ್ನು ಅಭ್ಯರ್ಥಿ ಮೊದಲೇ ಬಿಟ್ಟುಕೊಡಬಹುದು. ಹಾಗೆ ಬಿಟ್ಟುಕೊಟ್ಟ ಪತ್ರಕ್ಕೆ ಹೆಚ್ಚು ನಂಬಿಕೆ.

ಯಾರಿಂದ ಬರೆಸಬೇಕು?

ಹುದ್ದೆ ದೊಡ್ಡದಿರುವುದಕ್ಕಿಂತ ಒಡನಾಟ ಹೆಚ್ಚಿರುವುದು ಮುಖ್ಯ. ಹೆಸರು ಮಾತ್ರ ಗೊತ್ತಿರುವ ಡೀನ್ ಅವರ ಪತ್ರಕ್ಕಿಂತ ಎರಡು ತಿಂಗಳು ಜೊತೆಗೆ ರೌಂಡ್ಸ್ ಮಾಡಿಸಿದ ಸಹಪ್ರಾಧ್ಯಾಪಕರ ಪತ್ರ ಮೇಲು. ಸೇರಬೇಕೆಂದಿರುವ ವಿಭಾಗದವರೇ ಬರೆದರೆ ಒಳ್ಳೆಯದು. ಅಮೆರಿಕದ ಆಸ್ಪತ್ರೆಯಲ್ಲಿ ಕೆಲವು ವಾರ ಕೆಲಸ ಕಲಿತಿದ್ದರೆ ಅಲ್ಲಿನ ವೈದ್ಯರ ಪತ್ರವೂ ಇರಲಿ. ಅನೇಕ ಪ್ರೋಗ್ರಾಮುಗಳು ಅದನ್ನೇ ಹುಡುಕುತ್ತವೆ.

ಸಮಾಜದ ಮುಖಂಡರು, ಶಾಸಕರು, ಹತ್ತಿರದ ಸಂಬಂಧಿಕರಾದ ವೈದ್ಯರು ಎಷ್ಟೇ ಪ್ರೀತಿಯಿಂದ ಬರೆದರೂ ಉಪಯೋಗವಿಲ್ಲ. ಮಾವನ ಪತ್ರವನ್ನು ಯಾರೂ ತೂಗಿ ನೋಡುವುದಿಲ್ಲ.

ಪತ್ರದಲ್ಲಿ ಏನಿರಬೇಕು?

ಮೊದಲು, ಬರೆಯುವವರು ಯಾರು, ಅಭ್ಯರ್ಥಿಯನ್ನು ಯಾವ ವಿಭಾಗದಲ್ಲಿ, ಎಷ್ಟು ಕಾಲ ನೋಡಿದ್ದಾರೆ. ಆಮೇಲೆ, ಕಣ್ಣಾರೆ ಕಂಡ ಒಂದೆರಡು ಪ್ರಸಂಗ. “ಬಹಳ ಶ್ರದ್ಧಾವಂತೆ, ವಿನಯವಂತೆ” ಎಂಬ ಮಾತು ಎಲ್ಲರ ಪತ್ರದಲ್ಲೂ ಇರುತ್ತದೆ. ಬದಲಿಗೆ ಹೀಗೆ ಬರೆಯಬಹುದು: “ರಾತ್ರಿ ಕೀಟನಾಶಕ ಸೇವಿಸಿದ ರೈತರೊಬ್ಬರು ಬಂದಾಗ ಈಕೆ ಪಕ್ಕದಿಂದ ಕದಲಲಿಲ್ಲ. ಪ್ರತಿ ಡೋಸ್ ಅಟ್ರೋಪಿನ್ ಕೊಟ್ಟ ಮೇಲೆ ಎದೆಯ ಸದ್ದು, ನಾಡಿ ನೋಡಿ ಬರೆದಿಟ್ಟಳು. ಮನೆಯವರಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಪರಿಸ್ಥಿತಿ ತಿಳಿಸಿ ಹೇಳಿದಳು.” ಇದನ್ನು ಓದಿದವರಿಗೆ ಆಕೆಯ ಕೆಲಸ ಕಣ್ಣಿಗೆ ಕಟ್ಟುತ್ತದೆ. ರೋಗಿಯ ಹೆಸರು, ಊರು ಬರೆಯಬಾರದು.

ಜೊತೆಯವರಿಗೆ ಹೋಲಿಸಿದರೆ ಅಭ್ಯರ್ಥಿ ಎಲ್ಲಿ ನಿಲ್ಲುತ್ತಾಳೆ ಎಂದು ಹೇಳುವುದು ಒಳ್ಳೆಯದು. “ಈ ವರ್ಷ ನಾನು ನೋಡಿದ 20 ಇಂಟರ್ನ್‌ಗಳಲ್ಲಿ ಮೊದಲ ಮೂವರಲ್ಲಿ ಒಬ್ಬಳು” ಎಂಬ ಮಾತಿಗೆ ತೂಕವಿದೆ. ಅದು ನಿಜವಾಗಿದ್ದರೆ ಮಾತ್ರ. ಕೊನೆಗೆ ಸ್ಪಷ್ಟ ಶಿಫಾರಸು. ಪತ್ರ ಇಂಗ್ಲಿಷಿನಲ್ಲಿ, ಸಂಸ್ಥೆಯ ಲೆಟರ್‌ಹೆಡ್ ಮೇಲೆ, ಸಹಿಯೊಂದಿಗೆ ಒಂದು ಪುಟವಿದ್ದರೆ ಸಾಕು.

“ನೀನೇ ಬರೆದು ತಾ, ಸಹಿ ಹಾಕುತ್ತೇನೆ”

ನಮ್ಮ ಕಡೆ ಈ ಮಾತು ಹೊಸದಲ್ಲ. ಕೆಲಸದ ಒತ್ತಡದಲ್ಲಿ ಗುರುಗಳು ಹೀಗೆ ಹೇಳಿದಾಗ ಇಲ್ಲ ಎನ್ನಲು ಮಕ್ಕಳಿಗೆ ಸಂಕೋಚ. ಆದರೆ ಒಬ್ಬನೇ ಬರೆದ ಮೂರು ಪತ್ರಗಳ ಧಾಟಿ ಒಂದೇ ಎಂಬುದು ಓದುವವರಿಗೆ ಬೇಗ ಗೊತ್ತಾಗುತ್ತದೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಇಸಿಎಫ್‌ಎಂಜಿ ತನಿಖೆ ನಡೆಸಬಹುದು; ಆ ಕಲೆ ವೃತ್ತಿಯುದ್ದಕ್ಕೂ ಬೆನ್ನು ಬಿಡದು. ಸತ್ಯಾಣುವ್ರತ, ಅಚೌರ್ಯಾಣುವ್ರತ ಕೇಳುತ್ತಲೇ ಬೆಳೆದ ಮನೆಗಳಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಇದಕ್ಕೆ ಸರಿಯಾದ ದಾರಿ ಇದೆ. ಅಭ್ಯರ್ಥಿ ತನ್ನ ಬಯೋಡೇಟಾ, ಪೋಸ್ಟಿಂಗ್ ದಿನಾಂಕ, ತಾನು ನೋಡಿಕೊಂಡ ಕೇಸುಗಳ ಚಿಕ್ಕ ಟಿಪ್ಪಣಿ ಕೊಡಲಿ. ನೆನಪಿಗೆ ಅದು ಸಾಕು. ಮಾತು ಗುರುಗಳದೇ ಆಗಿರಲಿ.

ಯಾವಾಗ ಕೇಳಬೇಕು?

ಪೋಸ್ಟಿಂಗ್ ಮುಗಿಯುವ ವಾರದಲ್ಲೇ. “ಸರ್, ನನ್ನ ಬಗ್ಗೆ ಗಟ್ಟಿಯಾದ ಪತ್ರ ಬರೆಯಲು ಸಾಧ್ಯವೇ?” ಎಂದು ವಿನಯದಿಂದ ಕೇಳಲಿ. ಗುರುಗಳು ಹಿಂದೆ ಮುಂದೆ ನೋಡಿದರೆ ಬೇರೆಯವರನ್ನು ಕೇಳುವುದೇ ಕ್ಷೇಮ. ಪ್ರೋಗ್ರಾಮುಗಳು ಅರ್ಜಿ ನೋಡಲು ತೊಡಗುವುದು ಸೆಪ್ಟೆಂಬರ್ ಕೊನೆಯಲ್ಲಿ, ಮ್ಯಾಚ್ ಫಲಿತಾಂಶ ಮಾರ್ಚ್‌ನಲ್ಲಿ. ಪತ್ರಗಳು ಆಗಸ್ಟ್ ಒಳಗೆ ಸೇರಿದರೆ ಮನೆಯವರಿಗೂ ನೆಮ್ಮದಿ.