ನಾಲ್ಕು ಕೊಂಬಿನ ಕೊಂಡುಕುರಿಯ ಬೀಡು

ದಾವಣಗೆರೆ ಜಿಲ್ಲೆಯನ್ನು ನೈಋತ್ಯದಿಂದ ಈಶಾನ್ಯದ ಕಡೆಗೆ ದಾಟುವವರಿಗೆ ನೆಲದ ರೂಪ ಬದಲಾಗುವುದು ಸ್ಪಷ್ಟವಾಗಿ ಕಾಣುತ್ತದೆ. ಹೊನ್ನಾಳಿ, ನ್ಯಾಮತಿಗಳ ಸೀಮೆಯಲ್ಲಿ ತುಂಗಭದ್ರೆ ಹರಿಯುತ್ತಾಳೆ. ಚನ್ನಗಿರಿಯಲ್ಲಿ ಶಾಂತಿಸಾಗರವೂ ಅಡಕೆಯ ತೋಟಗಳೂ ಇವೆ. ಜಗಳೂರಿನಲ್ಲಿಯಾದರೋ ಮಳೆ ಕಡಿಮೆ. ಕಲ್ಲುಗುಡ್ಡಗಳ ಮೇಲೆ ಮುಳ್ಳಿನ ಕುರುಚಲು ಕಾಡು. ಇಂಥ ನೆಲವನ್ನು ಜನರು 'ಬೀಳು' ಎಂದು ಕರೆದು ಸುಮ್ಮನಾಗುವುದುಂಟು. ಆದರೆ ಇಲ್ಲಿಯ ಸುಮಾರು ೭೭ ಚದರ ಕಿಲೋಮೀಟರ್ ಕಾಡನ್ನು ೨೦೧೧ರಲ್ಲಿ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮವೆಂದು ಘೋಷಿಸಲಾಯಿತು. ಈ ಬೀಳಿನಲ್ಲಿ ರಕ್ಷಿಸತಕ್ಕದ್ದು ಏನಿದೆ?

ಇದನ್ನು ತಿಳಿಯಲು ಶರದೃತುವೇ ತಕ್ಕ ಕಾಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಅರಣ್ಯ ರಕ್ಷಕರೊಬ್ಬರೊಡನೆ ನಾವು ಬೆಳಗಿನಿಂದ ಸಂಜೆಯವರೆಗೆ ಇಲ್ಲಿ ನಡೆದೆವು. ಮಳೆಗಾಲದ ಹುಲ್ಲು ಸೊಂಟದವರೆಗೆ ಬೆಳೆದು, ತೆನೆ ಕಟ್ಟಿ, ಒಣಗಲಾರಂಭಿಸಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಬಟ್ಟೆಗಳಿಗೆಲ್ಲ ಹುಲ್ಲಿನ ಬೀಜಗಳು ಚುಚ್ಚಿಕೊಂಡವು. ಇಂಥ ಒಂದು ಬೀಜದ ಬಾಲದಂತಹ ಉದ್ದನೆಯ ಎಳೆಯನ್ನು ಒದ್ದೆ ಮಾಡಿ ನೋಡಿರಿ: ಹಗ್ಗದಂತೆ ಹುರಿಗೊಂಡಿದ್ದ ಎಳೆ ತಾನಾಗಿ ಬಿಚ್ಚುತ್ತ ತಿರುಗುತ್ತದೆ, ಒಣಗಿದಾಗ ಮತ್ತೆ ಹುರಿಗೊಳ್ಳುತ್ತದೆ. ರಾತ್ರಿಯ ಇಬ್ಬನಿ, ಹಗಲಿನ ಬಿಸಿಲು ಇವೆರಡೇ ಸೇರಿ ಬೀಜವನ್ನು ನೆಲದೊಳಕ್ಕೆ ಕೊರೆದು ಇಳಿಸುತ್ತವೆ.

ಪೊದೆಗಳ ನಡುವೆ ಒಂದೆಡೆ ಹಿಕ್ಕೆಗಳ ರಾಶಿ ಕಂಡಿತು. ಕೆಲವು ಹಳೆಯವು, ಕೆಲವು ಹೊಸವು. ಕೊಂಡುಕುರಿಯು ಗೊತ್ತಾದ ಜಾಗಕ್ಕೇ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ನಾಚಿಕೆ ಸ್ವಭಾವದ ಈ ಪ್ರಾಣಿ ಕಣ್ಣಿಗೆ ಬೀಳುವುದು ಅಪರೂಪ. ಆದುದರಿಂದ ವಿಜ್ಞಾನಿಗಳು ಇಂಥ ರಾಶಿಗಳಿಂದಲೇ ಅದರ ಇರವನ್ನು ಅರಿಯುತ್ತಾರೆ.

ಕೊಂಡುಕುರಿಯ ತೂಕ ಸುಮಾರು ೨೦ ಕಿಲೋಗ್ರಾಂ. ಭುಜದವರೆಗಿನ ಎತ್ತರ ಸುಮಾರು ೬೦ ಸೆಂಟಿಮೀಟರ್. ಗಂಡಿಗೆ ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮುಂಭಾಗದಲ್ಲಿ ಇನ್ನೊಂದು ಗಿಡ್ಡ ಜೊತೆ, ಹೀಗೆ ನಾಲ್ಕು ಕೊಂಬುಗಳು, ಹೆಣ್ಣಿಗೆ ಕೊಂಬಿಲ್ಲ. ಚುಕ್ಕೆ ಜಿಂಕೆ, ಕಡವೆಗಳ ಕವಲುಕೊಂಬುಗಳಂತೆ ಇವು ಉದುರಿ ಮತ್ತೆ ಬೆಳೆಯುವಂಥವಲ್ಲ. ಎಲುಬಿನ ತಿರುಳು, ಅದರ ಮೇಲೆ ಕೊಂಬಿನ ಕವಚ. ೧೮೧೬ರಲ್ಲಿ ಇದನ್ನು ವರ್ಣಿಸಿದವರು ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಬ್ಲೇನ್‌ವಿಲ್. ಟೆಟ್ರಾಸೆರಸ್ ಕ್ವಾಡ್ರಿಕಾರ್ನಿಸ್ ಎಂಬ ಶಾಸ್ತ್ರೀಯ ನಾಮವು ಗ್ರೀಕಿನಲ್ಲೊಮ್ಮೆ, ಲ್ಯಾಟಿನ್ನಿನಲ್ಲೊಮ್ಮೆ 'ನಾಲ್ಕು ಕೊಂಬು' ಎಂದೇ ಹೇಳುತ್ತದೆ. ಭಾರತ, ನೇಪಾಳಗಳನ್ನು ಬಿಟ್ಟರೆ ಕಾಡಿನಲ್ಲಿ ಇದು ಬೇರೆಲ್ಲಿಯೂ ಇಲ್ಲ. ಇದರ ಹತ್ತಿರದ ಬಂಧು ನೀಲಗಾಯ್.

ನೆರೆಯ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ವನ್ಯಧಾಮದ ಕೃಷ್ಣಮೃಗದೊಡನೆ ಇದನ್ನು ಹೋಲಿಸಿದರೆ ಒಂದು ಮುಖ್ಯ ವಿಷಯ ಹೊಳೆಯುತ್ತದೆ. ಕೃಷ್ಣಮೃಗವು ಬಯಲಿನ ಪ್ರಾಣಿ. ಹಿಂಡಿನಲ್ಲಿದ್ದು, ದೂರದಿಂದಲೇ ಅಪಾಯವನ್ನು ಕಂಡು, ವೇಗದಿಂದ ಓಡಿ ಪಾರಾಗುತ್ತದೆ. ಕೊಂಡುಕುರಿಯು ಹೆಚ್ಚಾಗಿ ಒಂಟಿ; ಅದು ಅಡಗಿ ಬದುಕುತ್ತದೆ. ಮರಿಯನ್ನೂ ಪೊದೆ, ಹುಲ್ಲುಗಳ ಮರೆಯಲ್ಲಿಯೇ ಬಚ್ಚಿಡುತ್ತದೆ. ಸಣ್ಣ ದೇಹಕ್ಕೆ ಸಾರವತ್ತಾದ ಆಹಾರ ಬೇಕಾದುದರಿಂದ ಚಿಗುರು, ಎಲೆ, ಹಣ್ಣುಗಳನ್ನು ಆರಿಸಿ ತಿನ್ನುತ್ತದೆ. ಕುಡಿಯುವ ನೀರೂ ಸಮೀಪದಲ್ಲಿರಬೇಕು. ಎಂದಮೇಲೆ, ನಮಗೆ ನಿರುಪಯುಕ್ತವಾಗಿ ತೋರುವ ಮುಳ್ಳುಪೊದೆಯೇ ಅದಕ್ಕೆ ಗೋಡೆ, ತೊಟ್ಟಿಲು, ಅಡುಗೆಮನೆ ಎಲ್ಲವೂ ಆಗಿದೆ.

ಶರದೃತುವಿನ ಈ ಸಮೃದ್ಧಿಯಲ್ಲಿಯೇ ಅಪಾಯವೂ ಅಡಗಿದೆ. ಇಂದಿನ ಹುಲ್ಲು ಬೇಸಗೆಗೆ ಸೌದೆಯಾಗುತ್ತದೆ. ಆಗ ಒಂದು ಬೀಡಿಯ ಕಿಡಿ ಸಾಕು. ಸುತ್ತಲೂ ಹೊಲಗಳಿರುವಾಗ, ಕಾಡು ಸುಟ್ಟರೆ ಈ ಪ್ರಾಣಿ ಹೋಗಬೇಕಾದುದೆಲ್ಲಿಗೆ? ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿ ಕೊಂಡುಕುರಿಗೆ ರಕ್ಷಣೆಯನ್ನೇನೋ ಕೊಟ್ಟಿದೆ. ಆದರೆ ಪ್ರಾಣಿಯನ್ನು ಕೊಲ್ಲದಿದ್ದ ಮಾತ್ರಕ್ಕೆ ಅದು ಉಳಿಯುವುದಿಲ್ಲ. ಅದರ ಪೊದೆಯೂ ಉಳಿಯಬೇಕು.

ಕಾಡೆಂದರೆ ಮುಗಿಲು ಮುಟ್ಟುವ ಮರಗಳೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬೋಳೆಂದು ಕಂಡ ಗುಡ್ಡದಲ್ಲೆಲ್ಲ ಸಸಿ ನೆಡಬೇಕೆಂಬ ಉತ್ಸಾಹ ಒಳ್ಳೆಯದೇ. ಆದರೆ ಅದಕ್ಕೆ ಮೊದಲು ಅಲ್ಲಿ ಯಾರು ವಾಸಿಸುತ್ತಿದ್ದಾರೆಂದು ವಿಚಾರಿಸುವುದು ವಿಜ್ಞಾನ ಕಲಿಯುವವರ ಕರ್ತವ್ಯವಾಗಿದೆ.