ಸೂರ್ಯನಿಲ್ಲದ ಸಮುದ್ರದಲ್ಲಿ ಹುಣ್ಣಿಮೆಗೆ ಹೆದರುವ ಜೀವಿಗಳು

ಭೂಮಿಯ ಮೇಲಿನ ದೊಡ್ಡ ವಲಸೆ ಯಾವುದು ಅಂತ ಕೇಳಿದ್ರೆ ಆಫ್ರಿಕಾದ ವೈಲ್ಡ್‌ಬೀಸ್ಟ್ ಹಿಂಡೋ, ಖಂಡಗಳನ್ನು ದಾಟಿ ಬರುವ ಹಕ್ಕಿಗಳೋ ನಿಮಗೆ ನೆನಪಾಗಬಹುದು. ಆದರೆ ಅವೆಲ್ಲ ವರ್ಷದ ಲೆಕ್ಕದ ಪ್ರಯಾಣಗಳು. ಒಟ್ಟು ಜೀವರಾಶಿಯ ತೂಕದ ಲೆಕ್ಕದಲ್ಲಿ ಅವೆಲ್ಲವನ್ನೂ ಮೀರಿಸುವ ವಲಸೆಯೊಂದು ದಿನಾ ನಡೀತಿದೆ. ಅದು ನಡೆಯೋದು ಸಮುದ್ರದೊಳಗೆ. ಅದೂ ಅಕ್ಕಪಕ್ಕಕ್ಕಲ್ಲ, ಮೇಲಕ್ಕೆ ಮತ್ತು ಕೆಳಕ್ಕೆ.

ಈ ಪ್ರಯಾಣಿಕರ ಹೆಸರು ಝೂಪ್ಲಾಂಕ್ಟನ್. ಶಾಲೆಯ ಪುಸ್ತಕದಲ್ಲಿ ಪ್ರಾಣಿಪ್ಲವಕ ಅಂತ ಓದಿರ್ತೀರಿ. ಸಮುದ್ರದ ಹರಿವಿನ ಜೊತೆ ತೇಲುವ ಪುಟ್ಟ ಪ್ರಾಣಿಗಳಿವು. ಕೋಪೆಪಾಡ್ ಅನ್ನೋ ಗುಂಪಿನವು ಹೆಚ್ಚಾಗಿ ಅಕ್ಕಿನುಚ್ಚಿನಷ್ಟೇ ಇರ್ತವೆ. ಸಿಗಡಿಯ ಹಾಗೆ ಕಾಣುವ ಕ್ರಿಲ್ ಸ್ವಲ್ಪ ದೊಡ್ಡದು. ಕತ್ತಲಾದಾಗ ಇವು ಮೇಲೆ ಬಂದು ಮೇಯ್ತವೆ, ಬೆಳಕು ಹರಿಯುವ ಮುಂಚೆ ಆಳಕ್ಕೆ ಇಳೀತವೆ.

ಯಾಕೆ ಈ ಕಷ್ಟ? ಊಟ ಇರೋದು ಮೇಲೆ. ಸೂರ್ಯನ ಬೆಳಕಿನಿಂದ ಬೆಳೆಯುವ ಸೂಕ್ಷ್ಮ ಪಾಚಿಗಳು ಮೇಲ್ಪದರದಲ್ಲೇ ಸಿಗ್ತವೆ. ಆದರೆ ಹಗಲಲ್ಲಿ ಅಲ್ಲೇ ಇದ್ದರೆ ಕಣ್ಣಿಂದ ನೋಡಿ ಬೇಟೆಯಾಡುವ ಮೀನುಗಳಿಗೆ ಸುಲಭದ ತುತ್ತಾಗ್ತವೆ. ಹಾಗಾಗಿ ಹೊಟ್ಟೆಪಾಡು ರಾತ್ರಿ, ಹಗಲು ತಲೆಮರೆಸಿಕೊಳ್ಳೋದು. ಇವುಗಳ ಪಾಲಿಗೆ ಕತ್ತಲೆಯೇ ಸೂರು.

ಈ ವಲಸೆ ಎಷ್ಟು ದೊಡ್ಡದು ಅನ್ನೋದು ಗೊತ್ತಾಗಿದ್ದು ಎರಡನೇ ಮಹಾಯುದ್ಧದ ಸಮಯದಲ್ಲಿ. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಅಮೆರಿಕದ ವಿಜ್ಞಾನಿಗಳು ಸೋನಾರ್ ಪರೀಕ್ಷೆ ಮಾಡ್ತಿದ್ದಾಗ, ನಿಜವಾದ ಸಮುದ್ರತಳಕ್ಕಿಂತ ಎಷ್ಟೋ ಮೇಲಿಂದಲೇ ಶಬ್ದ ಪ್ರತಿಧ್ವನಿಸಿ ವಾಪಸ್ ಬರ್ತಿತ್ತು. ನೋಡೋಕೆ ಅದೇ ತಳದ ಹಾಗೆ. ಆದರೆ ಆ ‘ತಳ’ ರಾತ್ರಿ ಮೇಲೇರ್ತಿತ್ತು, ಹಗಲು ಕೆಳಗಿಳೀತಿತ್ತು! ತಳ ಎಲ್ಲಾದರೂ ಓಡಾಡುತ್ತಾ? 1945ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ಮಾರ್ಟಿನ್ ಜಾನ್ಸನ್ ಅದು ತಳವಲ್ಲ, ಜೀವಿಗಳ ದಟ್ಟ ಪದರ ಅಂತ ತೋರಿಸಿದರು.

ಇಲ್ಲಿವರೆಗೆ ಸರಿ. ಹಗಲು, ರಾತ್ರಿ ಎರಡೂ ಇರುವ ಕಡೆ ಈ ಲೆಕ್ಕ ಸುಲಭ. ನನ್ನ ಕುತೂಹಲ ಇರೋದು ಈ ಲೆಕ್ಕ ತಪ್ಪಬೇಕಾದ ಜಾಗದ ಬಗ್ಗೆ. ಅದು ಆರ್ಕ್ಟಿಕ್, ಅಂದ್ರೆ ಉತ್ತರ ಧ್ರುವದ ಸುತ್ತಲಿನ ಸಮುದ್ರ.

ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹವನ್ನೇ ತಗೊಳ್ಳಿ. ಅಲ್ಲಿ 79 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ನಿ ಓಲೆಸುಂಡ್ ಅನ್ನೋ ಸಂಶೋಧನಾ ಊರಿದೆ. ಭಾರತದ ‘ಹಿಮಾದ್ರಿ’ ಕೇಂದ್ರ 2008ರಿಂದ ಇರೋದು ಇಲ್ಲೇ. ಅದರ ಮುಂದಿರುವ ಕಾಂಗ್ಸ್‌ಫ್ಯೋರ್ಡನ್ ಕೊಲ್ಲಿಯ ನೀರಿನೊಳಗೆ 2014ರಲ್ಲಿ ಭಾರತ ‘ಇಂಡಾರ್ಕ್’ ಎಂಬ ವೀಕ್ಷಣಾಲಯವನ್ನೂ ಇಳಿಸಿದೆ. ಈ ಊರಲ್ಲಿ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸೂರ್ಯ ಮುಳುಗಲ್ಲ. ಚಳಿಗಾಲದಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೆ ಸೂರ್ಯ ಹುಟ್ಟೋದೇ ಇಲ್ಲ. ಇದಕ್ಕೆ ಧ್ರುವರಾತ್ರಿ ಅಂತಾರೆ.

ಹಾಗಾದರೆ ಪ್ಲವಕಗಳು ಏನು ಮಾಡ್ತವೆ? ವಸಂತ ಮತ್ತು ಶರತ್ಕಾಲದಲ್ಲಿ ಹಗಲು, ರಾತ್ರಿ ಎರಡೂ ಇರುವುದರಿಂದ ಎಲ್ಲವೂ ಒಟ್ಟಾಗಿ ಹತ್ತಿ ಇಳೀತವೆ. ಬೇಸಿಗೆಯಲ್ಲಿ ಆ ಶಿಸ್ತು ಮುರಿದು, ಒಂದೊಂದೂ ತನ್ನ ಪಾಡಿಗೆ ತಾನು ಓಡಾಡುತ್ತೆ. ಇನ್ನು ಚಳಿಗಾಲದಲ್ಲಿ ಎಲ್ಲ ಸ್ತಬ್ಧ ಅಂತಲೇ ತುಂಬಾ ಕಾಲ ನಂಬಿದ್ದರು. ಅದಕ್ಕೆ ಕಾರಣವೂ ಇತ್ತು. ಕ್ಯಾಲನಸ್ ಜಾತಿಯ ಕೋಪೆಪಾಡ್‌ಗಳು ಬೇಸಿಗೆಯಲ್ಲಿ ಮೈತುಂಬ ಕೊಬ್ಬು ತುಂಬಿಕೊಂಡು, ಚಳಿಗಾಲಕ್ಕೆ ಆಳಕ್ಕಿಳಿದು ನಿದ್ದೆಯಂಥ ಸ್ಥಿತಿಗೆ ಹೋಗ್ತವೆ.

ಆದರೆ ಎಲ್ಲವೂ ಮಲಗಲ್ಲ. ನಾರ್ವೆಯ ಯೋರ್ಗೆನ್ ಬೆರ್ಗೆ ಮತ್ತು ಸಂಗಡಿಗರು ಸಮುದ್ರದೊಳಗೆ ಲಂಗರು ಹಾಕಿದ ಶಬ್ದ ಉಪಕರಣಗಳ ದಾಖಲೆ ನೋಡಿದರು. ನೀರಿಗೆ ಶಬ್ದ ಬಿಟ್ಟು, ವಾಪಸ್ ಬರುವ ಪ್ರತಿಧ್ವನಿಯಿಂದ ಜೀವಿಗಳ ಗುಂಪು ಯಾವ ಆಳದಲ್ಲಿದೆ ಅಂತ ಹೇಳುವ ಉಪಕರಣಗಳವು. 2009ರಲ್ಲಿ ಅವರು ಪ್ರಕಟಿಸಿದ್ದು ಇಷ್ಟು: ಧ್ರುವರಾತ್ರಿಯ ನಟ್ಟನಡುವೆಯೂ ದಿನದ ವಲಸೆ ನಡೀತಾ ಇದೆ. ನಮ್ಮ ಕಣ್ಣಿಗೆ ಮಧ್ಯಾಹ್ನವೂ ಕಾರ್ಗತ್ತಲು. ಆದರೆ ದಿಗಂತದ ಕೆಳಗಿರುವ ಸೂರ್ಯನಿಂದ ಬರುವ ತೀರಾ ಮಂದ ಬೆಳಕಿನ ವ್ಯತ್ಯಾಸವನ್ನೂ ಆ ಜೀವಿಗಳು ಹಿಡಿಯಬಲ್ಲವು.

ಇನ್ನೂ ಸ್ವಾರಸ್ಯ ಮುಂದಿದೆ. ಸ್ಕಾಟ್ಲೆಂಡಿನ ಕಿಮ್ ಲಾಸ್ಟ್ ತಂಡ ಆರ್ಕ್ಟಿಕ್‌ನ ಬೇರೆಬೇರೆ ಕಡೆಯ ಇಂಥ ದಾಖಲೆಗಳನ್ನು ಒಟ್ಟು ಸೇರಿಸಿ ನೋಡಿತು. ನಡುಚಳಿಗಾಲದಲ್ಲಿ ಪ್ಲವಕಗಳ ದಿನ 24 ಗಂಟೆಯದಾಗಿರಲಿಲ್ಲ, 24.8 ಗಂಟೆಯದಾಗಿತ್ತು! ಈ ಹೆಚ್ಚುವರಿ 50 ನಿಮಿಷ ಎಲ್ಲಿಂದ ಬಂತು? ಚಂದ್ರ ದಿನಾ ಸುಮಾರು 50 ನಿಮಿಷ ತಡವಾಗಿ ಬರ್ತಾನಲ್ಲ, ಅದೇ ಲೆಕ್ಕ. ಸೂರ್ಯನಿಲ್ಲದಾಗ ಇವು ಚಂದ್ರನ ಗಡಿಯಾರಕ್ಕೆ ಬದಲಾಗ್ತವೆ.

ಆ ಸೀಮೆಯಲ್ಲಿ ಚಳಿಗಾಲದ ಹುಣ್ಣಿಮೆ ಚಂದ್ರ ಕೆಲವು ದಿನ ಮುಳುಗದೆ ಆಕಾಶದಲ್ಲೇ ಸುತ್ತುತ್ತಾನೆ. ಆಗ ಪ್ಲವಕಗಳು ಸಾಮೂಹಿಕವಾಗಿ ಮೇಲ್ಪದರ ಬಿಟ್ಟು ಸುಮಾರು 50 ಮೀಟರ್ ಆಳಕ್ಕೆ ಸರೀತವೆ. 29.5 ದಿನಕ್ಕೊಮ್ಮೆ, ಮಂಜುಗಡ್ಡೆಯ ಕೆಳಗೂ ಇದೇ ಕತೆ. 2016ರಲ್ಲಿ ಪ್ರಕಟವಾದ ಅಧ್ಯಯನ ಇದು. ಹುಣ್ಣಿಮೆ ಅಂದ್ರೆ ನಮಗೆ ಬೆಳದಿಂಗಳೂಟ. ಅವಕ್ಕೆ ತಾವೇ ಯಾರದೋ ಊಟ ಆಗುವ ಭಯ.

ಬೆಳದಿಂಗಳಿಗೇ ಹೀಗಾದರೆ ಹಡಗಿನ ಫ್ಲಡ್‌ಲೈಟಿಗೆ? 2020ರಲ್ಲಿ ಬೆರ್ಗೆ ತಂಡ ಇದನ್ನೇ ಪರೀಕ್ಷಿಸಿತು. ಧ್ರುವರಾತ್ರಿಯಲ್ಲಿ ಹಡಗಿನ ಮಾಮೂಲಿ ಕೆಲಸದ ದೀಪ ಹಾಕಿದರೆ ಐದೇ ಸೆಕೆಂಡಲ್ಲಿ ಮೀನು, ಪ್ಲವಕಗಳ ವರ್ತನೆ ಬದಲಾಗ್ತಿತ್ತು. ಪರಿಣಾಮ 200 ಮೀಟರ್ ಆಳದವರೆಗೂ ಕಾಣ್ತಿತ್ತು. ಸ್ವಲ್ಪ ಯೋಚಿಸಿ. ಸಮುದ್ರದಲ್ಲಿ ಏನೆಷ್ಟಿದೆ ಅಂತ ಎಣಿಸೋಕೆ ಹೋಗುವ ಹಡಗೇ ದೀಪ ಹಾಕಿಕೊಂಡು ಹೋದರೆ, ಸಿಗೋದು ಬೆದರಿದ ಜೀವಿಗಳ ಲೆಕ್ಕ. ಎಷ್ಟು ಮೀನು ಹಿಡಿಯಬಹುದು ಅಂತ ತೀರ್ಮಾನಿಸುವಾಗ ಇಂಥ ಸಮೀಕ್ಷೆಗಳೂ ಬೇಕಾಗ್ತವೆ. ಅದಕ್ಕೇ ಈಗ ದೀಪವಿಲ್ಲದ, ಮಾನವರಹಿತ ಪುಟ್ಟ ದೋಣಿಗಳಲ್ಲೂ ಅಳತೆ ತೆಗೆಯುವ ಪ್ರಯೋಗ ನಡೆದಿದೆ.

ದೀಪವನ್ನಾದರೂ ಆರಿಸಬಹುದು. ಮಂಜುಗಡ್ಡೆ ಕರಗೋದನ್ನು ಹಾಗೆ ನಿಲ್ಲಿಸೋಕಾಗಲ್ಲ. ಸಮುದ್ರದ ಮೇಲಿನ ಮಂಜುಗಡ್ಡೆ ಮತ್ತು ಅದರ ಮೇಲೆ ಕೂತ ಹಿಮ ಕಿಟಕಿಗೆ ಹಾಕಿದ ದಪ್ಪ ಪರದೆ ಇದ್ದ ಹಾಗೆ. ಆ ಪರದೆ ಈಗ ತೆಳುವಾಗ್ತಿದೆ. ವರ್ಷದಲ್ಲಿ ಪರದೆ ಇಲ್ಲದ ದಿನಗಳೂ ಹೆಚ್ಚಾಗ್ತಿವೆ.

ಜರ್ಮನಿಯ ಹೌಕೆ ಫ್ಲೋರೆಸ್ ನೇತೃತ್ವದ ತಂಡ ಮಂಜುಗಡ್ಡೆಯ ಕೆಳಗೆ ಉಪಕರಣ ಇಟ್ಟು, ಪ್ಲವಕಗಳು ಎಷ್ಟು ಬೆಳಕನ್ನು ಸಹಿಸ್ತವೆ ಅಂತ ಅಳೆಯಿತು. ಸಿಕ್ಕ ಮಿತಿ ಚದರ ಮೀಟರಿಗೆ 0.00024 ವ್ಯಾಟ್. ನಡುಮಧ್ಯಾಹ್ನದ ಬಿರುಬಿಸಿಲು ಸುಮಾರು 1,000 ವ್ಯಾಟ್. ಅಂದ್ರೆ ಬಿಸಿಲಿನ ನಲವತ್ತು ಲಕ್ಷದಲ್ಲಿ ಒಂದು ಪಾಲು! ಅದಕ್ಕಿಂತ ಬೆಳಕು ಹೆಚ್ಚಾದರೆ ಇವು ಕೆಳಗೆ ಸರೀತವೆ.

2023ರಲ್ಲಿ ಪ್ರಕಟವಾದ ಈ ಅಧ್ಯಯನದ ಮುನ್ಸೂಚನೆ ಏನಂದ್ರೆ, ಮಂಜುಗಡ್ಡೆ ತೆಳುವಾದಷ್ಟೂ ಪ್ಲವಕಗಳು ಶರತ್ಕಾಲದಲ್ಲಿ ಮೇಲೆ ಬರೋದು ತಡವಾಗುತ್ತೆ, ವಸಂತದಲ್ಲಿ ಬೇಗ ಕೆಳಗೆ ಹೋಗ್ತವೆ. ಮೇಲೆ ಕಳೆಯುವ ಕಾಲ ಕಡಿಮೆ ಆದರೆ ಮಂಜುಗಡ್ಡೆಯ ಅಡಿಯ ಪಾಚಿ ತಿನ್ನುವ ಅವಕಾಶವೂ ಕಡಿಮೆ. ಅದೇ ಮಂಜುಗಡ್ಡೆಯ ಅಡಿಯಲ್ಲಿ ಬೆಳೆಯುವ ಪೋಲಾರ್ ಕಾಡ್ ಮೀನಿನ ಮರಿಗಳಿಗೆ ಆಹಾರ ಈ ಪ್ಲವಕಗಳೇ. ಆ ಮೀನನ್ನು ಸೀಲ್ ತಿನ್ನುತ್ತೆ, ಸೀಲನ್ನು ಹಿಮಕರಡಿ.

ಇನ್ನೊಂದು ಕೆಲಸವನ್ನೂ ಈ ಜೀವಿಗಳು ಸದ್ದಿಲ್ಲದೆ ಮಾಡ್ತಿವೆ. ಮೇಲೆ ತಿಂದದ್ದನ್ನು ಆಳದಲ್ಲಿ ವಿಸರ್ಜಿಸ್ತವೆ, ಉಸಿರಾಡ್ತವೆ. ಹೀಗೆ ಗಾಳಿಯಿಂದ ಪಾಚಿಗೆ ಬಂದ ಇಂಗಾಲದ ಒಂದು ಪಾಲು ಆಳಕ್ಕೆ ಸಾಗುತ್ತೆ. ಅವು ಯಾವಾಗ ಹತ್ತುತ್ತವೆ, ಎಷ್ಟು ಆಳಕ್ಕಿಳೀತವೆ ಅನ್ನೋದು ಬದಲಾದರೆ ಈ ಸಾಗಣೆಯೂ ಬದಲಾಗುತ್ತೆ.

ಮಂಜುಗಡ್ಡೆ ಕರಗುವ ಸುದ್ದಿ ಬಂದಾಗ ನಾವು ಶಾಖದ ಬಗ್ಗೆ, ಸಮುದ್ರಮಟ್ಟದ ಬಗ್ಗೆ ಮಾತಾಡ್ತೀವಿ. ಬೆಳಕಿನ ಬಗ್ಗೆ ಮಾತಾಡೋದು ಕಡಿಮೆ. ಮುಂದಿನ ಸಲ ಅಂಥ ಸುದ್ದಿ ನಿಮ್ಮ ಫೋನಿಗೆ ಬಂದಾಗ, ಎಷ್ಟು ಮಂಜು ಹೋಯ್ತು ಅನ್ನೋದರ ಜೊತೆಗೆ ಎಷ್ಟು ಕತ್ತಲು ಹೋಯ್ತು ಅಂತಲೂ ಕೇಳಿಕೊಳ್ಳಿ.